ಹಿಂದುಗಡೆಯ ಶೆಡ್ಡು

ಸಿಡ್ನಿಯ ಪ್ಯಾರಮಟ್ಟಾ ಬಡಾವಣೆಯ ಆಚೆ, ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯೊಂದರಲ್ಲಿ ಜಲಜಾ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದಳು. ಕೋಲಾರದಿಂದ ಅಡುಗೆ ಕೋರ್ಸ್ ಓದಲು ಮೆಲ್ಬರ್ನ್‌ಗೆ ಬಂದು, ಕಾಯಂ ಆಗಿ ಇರಲು ಪಿಆರ್ ಸಿಕ್ಕ ಮೇಲೆ ಸಿಡ್ನಿಯಲ್ಲಿ ನೆಲೆ ನಿಂತವಳು. ಮಗಳು ಅಪೂರ್ವ ಈಗ ಮೆಲ್ಬರ್ನ್‌ನಲ್ಲಿ ಕಾನೂನು ಓದುತ್ತಿದ್ದಳು.

ಹೊಸ ಮ್ಯಾನೇಜರ್ ಬಂದ ತಿಂಗಳೇ ನೋಟಿಸ್ ಅಂಟಿಸಿದ. ಭಾರತ, ನೇಪಾಳದವರು ಇನ್ನು ಮುಂದೆ ಊಟದ ಕೋಣೆ ಬಿಟ್ಟು ಹಿಂದುಗಡೆಯ ಶೆಡ್ಡಿನಲ್ಲೇ ಊಟ ಮಾಡಬೇಕು; ಅವರ ಡಬ್ಬಿಯ ವಾಸನೆ ಉಳಿದವರಿಗೆ ಆಗುವುದಿಲ್ಲವಂತೆ.

"ಅಲ್ಲೂ ಫ್ರಿಜ್ ಇದೆ, ಮೈಕ್ರೋವೇವ್ ಇದೆ. ಏನು ಕಮ್ಮಿ?" ಎಂದ.

ಅಂದು ಜಲಜಾ ತಂದಿದ್ದದ್ದು ಬರೀ ಬ್ರೆಡ್ಡು, ಬಾಳೆಹಣ್ಣು. ಆದರೂ ಅವಳನ್ನು ಶೆಡ್ಡಿಗೇ ಅಟ್ಟಿದರು. ಅಲ್ಲಿ ಕೂತಾಗ, ಊರ ಹೋಟೆಲಿನವನು ಅಪ್ಪನಿಗೆ ಬೇರೆ ಲೋಟದಲ್ಲಿ ಟೀ ಕೊಡುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಬ್ರೆಡ್ಡನ್ನು ಹಾಗೇ ಡಬ್ಬಿಗೆ ಹಾಕಿ ಮುಚ್ಚಿದಳು.

"ಸುಮ್ನಿರಿ ಅಕ್ಕ, ಎದುರು ಹಾಕ್ಕೊಂಡ್ರೆ ಕೆಲಸ ಹೋಗುತ್ತೆ," ಎಂದ ಜೊತೆಗಾರ ಇಂದ್ರೇಶ್.

ಅಪೂರ್ವ ಮಾತ್ರ ಫೋನಿನಲ್ಲಿ ಸಿಡಿದೆದ್ದಳು. "ಅಮ್ಮಾ, ಅಮೆರಿಕದಲ್ಲಿ ಕಪ್ಪು ಮಕ್ಕಳನ್ನ ಬೇರೆ ಸ್ಕೂಲಿಗೆ ಹಾಕ್ತಿದ್ದಾಗ್ಲೂ ಇದೇ ಮಾತು, ಎಲ್ಲಾ ಕೊಟ್ಟಿದೀವಲ್ಲ ಅಂತ! ಬೇರೆ ಇಡೋದೇ ಅಸಮಾನತೆ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿ ಎಪ್ಪತ್ತು ವರ್ಷ ಆಯ್ತು. ನೀನು ಕಂಪ್ಲೇಂಟ್ ಕೊಡು. ನಾನು ಬರ್ತೀನಿ."

ಜಲಜಾ ಸರ್ಕಾರದ ತಾರತಮ್ಯ ತಡೆ ಕಚೇರಿಗೆ ದೂರು ಕೊಟ್ಟಳು. ರಾಜಿ ಮಾತು ಮುರಿದುಬಿದ್ದು, ಕೇಸು ಟ್ರಿಬ್ಯೂನಲ್ ಮೆಟ್ಟಿಲೇರಿತು. ವಿಚಾರಣೆಯ ದಿನ ಅಪೂರ್ವ ಮೆಲ್ಬರ್ನ್‌ನಿಂದ ಬಂದು ಹಿಂದಿನ ಸಾಲಿನಲ್ಲಿ ಕೂತಳು. ಸುಮ್ನಿರಿ ಎಂದಿದ್ದ ಇಂದ್ರೇಶನೂ ರಜೆ ಹಾಕಿ ಸಾಕ್ಷಿ ಹೇಳಲು ಬಂದಿದ್ದ.

"ಶೆಡ್ಡಿನಲ್ಲಿ ಯಾವ ಸೌಲಭ್ಯ ಇರಲಿಲ್ಲ?" ಕಂಪನಿಯ ವಕೀಲರು ಕೇಳಿದರು.

ಜಲಜಾ ತನ್ನ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು: "ಎಲ್ಲಾ ಇತ್ತು. ನನ್ನ ಡಬ್ಬಿಯನ್ನು ಯಾರೂ ತೆಗೆದು ನೋಡಲಿಲ್ಲ. ನನ್ನ ಮುಖ ನೋಡಿ ಕಳಿಸಿದರು."

ಆರು ವಾರಕ್ಕೆ ತೀರ್ಪು ಬಂತು. ಇದು ಜನಾಂಗ ನೋಡಿ ಮಾಡಿದ ಭೇದ, ಎರಡು ಕೋಣೆಯಲ್ಲೂ ಒಂದೇ ಸೌಲಭ್ಯ ಇತ್ತೆಂಬುದು ಸಮರ್ಥನೆಯಾಗದು ಎಂದಿತ್ತು. ಸಿಡ್ನಿಯ ಬೇರೆ ಬಡಾವಣೆಗಳ ಕೆಲಸಗಾರರೂ ಅದರ ಪ್ರತಿ ಕೇಳಿ ಜಲಜಾಗೆ ಫೋನ್ ಮಾಡತೊಡಗಿದರು.

ನೋಟಿಸ್ ಕಿತ್ತ ಮೇಲೆ ಮೊದಲ ದಿನ ಎಲ್ಲರೂ ಒಂದೇ ಕೋಣೆಯಲ್ಲಿ ಕೂತಾಗ ಹಳೆಯ ಬಿಳಿಯ ಡ್ರೈವರ್ ಒಬ್ಬ ಡಬ್ಬಿ ಎತ್ತಿಕೊಂಡು ತನ್ನ ಲಾರಿಗೆ ಹೋದ. ಇಂದ್ರೇಶನ ಮುಖ ಸಪ್ಪಗಾಯಿತು.

"ಹೋಗ್ಲಿ ಬಿಡು," ಎಂದಳು ಜಲಜಾ, "ಅವರನ್ನ ಯಾರೂ ಕಳಿಸಿಲ್ವಲ್ಲ."

ಮರುವಾರ ಆ ಡ್ರೈವರ್ ಬಾಗಿಲಲ್ಲಿ ನಿಂತು, ಅವಳ ಪಕ್ಕದ ಕುರ್ಚಿ ಖಾಲಿಯೇ ಎಂದು ಕೇಳಿದ. ಜಲಜಾ ಅದರ ಮೇಲಿದ್ದ ಬ್ಯಾಗು ತೆಗೆದಳು.