ಹಿಂದಕ್ಕೆ ಬಾಗಿದ ಹಲ್ಲುಗಳು

ನಮ್ಮ ಅಜ್ಜನ ಬಾಯಿಯಲ್ಲಿ ಉಳಿದಿದ್ದ ಹಲ್ಲುಗಳು ಎರಡೇ. ಆದರೆ ಕಾಣಿಯೂರಿನ ಸುತ್ತಮುತ್ತ ಭತ್ತ ಕೊಯ್ಯುವ ಕತ್ತಿಗಳಿಗೆಲ್ಲ ಹಲ್ಲು ಕಡಿದುಕೊಡುತ್ತಿದ್ದವರು ಅವರೇ. ಕುಲುಮೆಯ ಮುಂದೆ ಕೂತು, ಅಲಗಿನ ಮೇಲೆ ಉಳಿ ಇಟ್ಟು ಒಂದೊಂದೇ ಪೆಟ್ಟು ಹಾಕುತ್ತಾ ಹೋಗುವರು. ಹಲ್ಲುಗಳೆಲ್ಲ ಹಿಡಿಯ ಕಡೆಗೇ ವಾಲಿರಬೇಕು. ಕೊಯ್ಯುವವರು ಕತ್ತಿಯನ್ನು ತಮ್ಮತ್ತ ಎಳೆಯುತ್ತಾರಲ್ಲ, ಅದಕ್ಕೆ. ಮುಂದಕ್ಕೆ ವಾಲಿದರೆ ಪೈರು ಜಾರಿ ಹೋಗುತ್ತದೆ, ಬೈಗುಳ ಅಜ್ಜನ ಪಾಲಿಗೆ ಬರುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಆಗ ಒಂಬತ್ತನೆಯ ತರಗತಿಯ ಹುಡುಗಿ. ಪುತ್ತೂರಿನಲ್ಲಿ ವಿಜ್ಞಾನ ವಸ್ತುಪ್ರದರ್ಶನ ಇದೆಯೆಂದು ಗೊತ್ತಾದ ದಿನ ನಮ್ಮ ವಿಜ್ಞಾನದ ಟೀಚರ್ ಹಳೆಯ ಇಂಗ್ಲಿಷ್ ಪತ್ರಿಕೆಯ ಒಂದು ಪುಟವನ್ನು ನನ್ನ ಕೈಗಿಟ್ಟರು. ಮಾಂಸ ತಿನ್ನುವ ಡೈನೋಸಾರಿನ ದವಡೆಯ ಚಿತ್ರ. ಬಾಳೆಹಣ್ಣಿನ ಹಾಗೆ ಬಾಗಿದ ಹಲ್ಲುಗಳು, ಎಲ್ಲವೂ ಗಂಟಲಿನ ಕಡೆಗೆ. ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು. ನನಗೆ ಅದನ್ನು ಯಾರೂ ವಿವರಿಸಬೇಕಾಗಿ ಬರಲಿಲ್ಲ. ಪುಟ ಹಿಡಿದುಕೊಂಡು ಸೀದಾ ಕುಲುಮೆಗೆ ಓಡಿದೆ.

ಅಜ್ಜ ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ಇದನ್ನು ಮಾಡಿದವ ಕೆಲಸ ಗೊತ್ತಿದ್ದವ ಮಾರಾಯ್ತಿ," ಎಂದರು.

ಹಲಸಿನ ಮರದಲ್ಲಿ ದವಡೆಯಾಯಿತು. ತೆಂಗಿನ ಗೆರಟೆಯನ್ನು ಕತ್ತರಿಸಿ, ಉಜ್ಜಿ, ಅಂಚಿಗೆ ಅರದಿಂದ ಕಚ್ಚು ಹಾಕಿ ಅಜ್ಜ ಹಲ್ಲುಗಳನ್ನು ಮಾಡಿದರು. ನೋಡುತ್ತೇನೆ, ಎಲ್ಲವೂ ಒಂದೇ ಅಳತೆ! ನೂಲು ಹಿಡಿದ ಹಾಗೆ ಸಾಲು. ಕತ್ತಿ ಮಾಡುವವರ ಕೈ, ಬೇರೆ ರೀತಿ ಬಗ್ಗುವುದೇ ಇಲ್ಲ.

"ಅಜ್ಜ, ಹೀಗಲ್ಲ. ಇದಕ್ಕೆ ಹಲ್ಲು ಬೀಳ್ತಾ ಇರ್ತದಂತೆ, ಹೊಸತು ಬರ್ತಾ ಇರ್ತದಂತೆ, ಸಾಯುವವರೆಗೂ. ಟೀಚರ್ ಓದಿ ಹೇಳಿದ್ರು. ಹಾಗಾಗಿ ಒಂದು ಉದ್ದ, ಒಂದು ಗಿಡ್ಡ."

"ಉದ್ದ ಗಿಡ್ಡ ಮಾಡಿ ಕೊಟ್ರೆ ಜನ ಎಂತ ಹೇಳುದು? ಮುದುಕನ ಕೈ ನಡುಗ್ಲಿಕ್ಕೆ ಶುರುವಾಯ್ತು ಹೇಳಿಯಾರು. ಮತ್ತೆ ಕತ್ತಿ ಯಾರು ಕೊಡ್ತಾರೆ ನನ್ನತ್ರ?"

ಎರಡು ದಿನ ದವಡೆ ಕುಲುಮೆಯ ಮೂಲೆಯಲ್ಲೇ ಬಿದ್ದಿತ್ತು. ಮೂರನೆಯ ದಿನ ಅವರೇ ಅರ ಹಿಡಿದು ಆರು ಹಲ್ಲುಗಳನ್ನು ಗಿಡ್ಡ ಮಾಡಿದರು. ಸ್ವಂತ ಮಾನವನ್ನು ಉಜ್ಜಿ ತೆಗೆದವರ ಹಾಗಿತ್ತು ಅವರ ಮುಖ.

ಪ್ರದರ್ಶನದ ದಿನ ಅಜ್ಜನೂ ಬಸ್ಸಿನಲ್ಲಿ ಬಂದರು, ಮಡಿಲಲ್ಲಿ ದವಡೆ, ಹೆಗಲಲ್ಲಿ ಹತ್ಯಾರದ ಚೀಲ. ಆರಿಸಿದ ಮಾದರಿಗಳು ಮಂಗಳೂರಿಗೆ ಹೋಗುತ್ತವೆ ಎಂದು ಟೀಚರ್ ಹೇಳಿದ್ದರು. ನನಗೆ ಅದು ಬೇಕಿತ್ತು, ತುಂಬಾ ಬೇಕಿತ್ತು.

ತೀರ್ಪುಗಾರರು ಒಬ್ಬರೇ, ಇಸ್ತ್ರಿ ಮಾಡಿದ ಉದ್ದ ತೋಳಿನ ಅಂಗಿಯವರು. ಅಜ್ಜ ಕತ್ತಿ ಮಾಡುವವರೆಂದು ಟೀಚರ್ ಹೇಳಿದ್ದನ್ನು ಕೇಳಿ, ದವಡೆಯ ಎದುರು ನಿಂತು ನಕ್ಕರು.

"ಇದೆಂತ ಆಚಾರ್ರೆ, ಒಂದು ಮೇಲೆ ಒಂದು ಕೆಳಗೆ? ಪಾಪ, ಪ್ರಾಯ ಆಯ್ತು ನಿಮಗೆ." ಮತ್ತೆ ನನ್ನತ್ತ ತಿರುಗಿ, "ಮನೆಯ ಕತ್ತಿ ಕೆಲಸವನ್ನೇ ಪ್ರಾಣಿಯ ಬಾಯಿಗೂ ಹಾಕಿದ್ದಾ? ಹಲ್ಲೆಲ್ಲ ಸಮ ಮಾಡಿ ನೆಟ್ಟಗೆ ಕೂರಿಸಿ. ಊಟದ ನಂತರ ನೋಡ್ತೇನೆ. ಇಲ್ಲದಿದ್ರೆ ಮೇಜು ಖಾಲಿ ಮಾಡಿ."

ಅಜ್ಜನ ಕಿವಿ ಕೆಂಪಾಯಿತು. ಅವರ ಕೈ ಚೀಲದೊಳಗೆ ಹೋಗಿ ಅರವನ್ನು ಹೊರಗೆ ತೆಗೆಯಿತು. ಅರ್ಧ ಗಂಟೆಯ ಕೆಲಸ ಅವರಿಗೆ. ಮಂಗಳೂರಿಗೂ ಹೋಗಬಹುದು, ಅವರ ಹೆಸರೂ ಉಳಿಯುತ್ತದೆ. ನಾನು ಆ ಅರದ ಮೇಲೆ ಕೈ ಇಟ್ಟೆ.

"ಬೇಡ ಅಜ್ಜ."

ಅಜ್ಜ ನನ್ನನ್ನು ನೋಡಿದರು, ದವಡೆಯನ್ನು ನೋಡಿದರು, ಅರವನ್ನು ವಾಪಸು ಚೀಲಕ್ಕೆ ಹಾಕಿಕೊಂಡರು. "ನನ್ನ ಕೈ ನಡುಗುದಿಲ್ಲ ಸ್ವಾಮಿ. ಅದು ಇರುವುದೇ ಹಾಗೆ," ಎಂದರು.

"ಗಟ್ಟಿಯಾದ್ರೂ ಉಂಟಾ ಇದು?" ಎನ್ನುತ್ತಾ ತೀರ್ಪುಗಾರರು ಹಲ್ಲು ಅಲುಗಾಡಿಸಲು ದವಡೆಯೊಳಗೆ ಕೈ ಹಾಕಿದರು. ಕೈ ಸಲೀಸಾಗಿ ಹೋಯಿತು. ಹೊರಗೆ ಎಳೆಯುವಾಗ ಅಂಗಿಯ ತೋಳು ಸಿಕ್ಕಿಕೊಂಡಿತು. ಜೋರಾಗಿ ಎಳೆದರು. ಗಿಡ್ಡ ಹಲ್ಲುಗಳೂ ಕಚ್ಚಿ ಹಿಡಿದವು.

"ಎಳೀಬೇಡಿ ಸರ್," ಎಂದೆ. "ಎಳೆದಷ್ಟೂ ಹಿಡೀತದೆ. ಅದಕ್ಕೇ ಹಲ್ಲು ಹಿಂದೆ ಬಾಗಿದ್ದು. ಕೈ ಒಳಗೆ ದೂಡಿ, ಬಿಡ್ತದೆ."

ಸುತ್ತ ಇದ್ದವರು ನಕ್ಕರು. ಕೆಲಸ ಕೆಟ್ಟದ್ದು ಅದರಿಂದಲೇ. ಅವರು ಒಳಗೆ ದೂಡಲಿಲ್ಲ, ಎಳೆದೇ ಎಳೆದರು. ಪರ್‍ ಎಂದು ಬಟ್ಟೆ ಹರಿಯಿತು. "ತೆಗೀರಿ ಇದನ್ನು ಇಲ್ಲಿಂದ!"

ಟೀಚರ್ ಏನೋ ಹೇಳಲು ಮುಂದೆ ಬಂದರು, ಅವರನ್ನೂ ಸುಮ್ಮನಾಗಿಸಿದರು. ಮಂಗಳೂರು ಅಲ್ಲಿಗೆ ಮುಗಿಯಿತು. ಅಳು ಬರಲಿಲ್ಲವೆಂದರೆ ಸುಳ್ಳಾದೀತು. ಆದರೆ ಅತ್ತುಕೊಂಡೇ ದವಡೆಯನ್ನು ಎತ್ತಿದೆ. ಅಜ್ಜ ಇನ್ನೊಂದು ತುದಿ ಹಿಡಿದರು. ಹೊರಗಿನ ಜಗಲಿಯ ಮೇಲೆ, ಎಲ್ಲರೂ ಹೋಗುವ ಬರುವ ದಾರಿಯ ಬದಿಯಲ್ಲೇ, ಅದನ್ನು ಇಟ್ಟೆವು.

ಮೊದಲು ಬಂದವರು ಈಶ್ವರಮಂಗಲದ ಕಡೆಯ ಒಬ್ಬರು ಹೆಂಗಸು, ಮಗಳ ಮಾದರಿ ನೋಡಲು ಬಂದವರು. "ಇದೆಂತ ಮಗಾ, ಮೊಸಳೆಯಾ?" ಎಂದು ಕೇಳಿದರು. ನಾನು ಮೂಗು ಒರೆಸಿಕೊಂಡು ಶುರು ಮಾಡಿದೆ. ನಮ್ಮ ದೇಶದಲ್ಲೂ ನರ್ಮದಾ ನದಿಯ ಬದಿಯ ಕಲ್ಲುಗಳಲ್ಲಿ ಇಂಥವುಗಳ ಎಲುಬು ಸಿಕ್ಕಿದೆ ಎಂದೆ. ಇದಕ್ಕೆ ಅಗಿಯುವ ಕೆಲಸವೇ ಇಲ್ಲ, ಕಚ್ಚಿ ಎಳೆಯುವುದು, ತುಂಡನ್ನು ಹಾಗೇ ನುಂಗುವುದು ಎಂದೆ. ಆ ಹೆಂಗಸು ಕಚ್ಚುಗಳ ಮೇಲೆ ಬೆರಳಾಡಿಸಿ, "ನಮ್ಮ ಕೊಯ್ಲಿನ ಕತ್ತಿಯೇ ಅಲ್ವಾ ಇದು!" ಎಂದರು. ಒಳಗಿದ್ದ ದೊಡ್ಡವರಿಗೆ ತಿಳಿಯದ್ದು ಅವರಿಗೆ ಒಂದು ಬೆರಳಿನಲ್ಲಿ ತಿಳಿಯಿತು. ಆಮೇಲೆ ಜನ ನಿಂತರು, ಇನ್ನಷ್ಟು ಜನ ನಿಂತರು. ಗಿಡ್ಡ ಹಲ್ಲು ಯಾಕೆ ಎಂದು ಕೇಳಿದವರಿಗೆ ಉತ್ತರ ಹೇಳಿದ್ದು ಅಜ್ಜ, ತಮ್ಮ ಬೋಳು ವಸಡು ತೋರಿಸಿ: "ನನಗೆ ಬೀಳುದು ಮಾತ್ರ. ಅದಕ್ಕೆ ಬರುದೂ ಉಂಟು."

ಬಹುಮಾನ ಹಂಚಿ ಮುಗಿದ ಮೇಲೆ ತೀರ್ಪುಗಾರರು ಹೊರಗೆ ಬಂದರು. ಹರಿದ ತೋಳನ್ನು ಮಡಚಿಕೊಂಡಿದ್ದರು.

"ಇನ್ನೂ ಹೋಗಿಲ್ವಾ ನೀವು?"

"ನಮ್ಮ ಬಸ್ಸು ಐದೂವರೆಗೆ ಸರ್," ಎಂದೆ. "ಅಲ್ಲಿವರೆಗೆ ಹೇಳ್ತಾ ಇರ್ತೇನೆ. ನಿಮಗೂ ಕೇಳ್ಬೇಕಾದ್ರೆ ನಿಲ್ಲಿ."

ಅವರು ನಿಲ್ಲಲಿಲ್ಲ. ನಾನು ಹೇಳುವುದನ್ನು ನಿಲ್ಲಿಸಲಿಲ್ಲ.