ಇಪ್ಪತ್ತಾರರ ತನಕ ಕುರಿ ಕೂಡಿಸಿದ್ದು

ನಮ್ಮ ನಾಲ್ಕನೆಯ ಇಯತ್ತೆಯ ಕರಿಹಲಗೆಯ ಎಡಮೂಲೆಯನ್ನು ಯಾರೂ ಒರೆಸುವಂತಿರಲಿಲ್ಲ. ಮುಂದೆ ಬರುವುದನ್ನೆಲ್ಲ ಪಾಠ ಹೇಳುವ ಅಕ್ಕೋರು ಅಲ್ಲಿ ಬರೆದಿಡುತ್ತಿದ್ದರು. ಸೋಮವಾರ ಹದಿಮೂರರ ಮಗ್ಗಿ, ಗುರುವಾರ ಶುದ್ಧಬರಹ, ಎಲ್ಲಕ್ಕಿಂತ ಕೆಳಗೆ ಬಣ್ಣದ ಸೀಮೆಸುಣ್ಣದಲ್ಲಿ ‘ಜನವರಿ ೨೬, ಲೇಜಿಮು’. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಶಿರಗುಪ್ಪಿ ಕಡೆ ಕಬ್ಬು ಕಡಿಯುವ ಹಂಗಾಮು. ಗಾಡಿಗಳು ಹಾಯುವಾಗ ಮಗ್ಗಿಯ ದನಿ ಏರಿಸಬೇಕಾಗುತ್ತಿತ್ತು.

ಲೇಜಿಮು ಎಂದರೆ ಬಿಲ್ಲಿನಂಥ ಕೋಲು, ಅದಕ್ಕೆ ಸರಪಳಿ, ಸರಪಳಿಗೆ ಝಣಗುಡುವ ಬಿಲ್ಲೆಗಳು. ನಮ್ಮಲ್ಲಿ ಯಾರ ಕೈಗೂ ಅದು ಒಗ್ಗಲಿಲ್ಲ, ಒಬ್ಬಳನ್ನು ಬಿಟ್ಟು. ಅವಳು ದೀಪಾವಳಿ ಮುಗಿದ ಮೇಲೆ ಶಾಲೆಗೆ ಬಂದ ಕುರಿಗಾರರ ಹುಡುಗಿ. ಅವರ ಹಿಂಡು ಮಹಾರಾಷ್ಟ್ರದ ಹೊಲಗಳಲ್ಲಿದ್ದಾಗ ಅಲ್ಲಿಯ ಶಾಲೆಯಲ್ಲಿ ಅದನ್ನು ಕಲಿತಿದ್ದಳಂತೆ. ಅಕ್ಕೋರು ಅವಳನ್ನು ಸಾಲಿನ ಮುಂದೆ ನಿಲ್ಲಿಸಿದರು. ಅವಳು ‘ಏಕ್, ದೋನ್’ ಎಂದು ಬಗ್ಗಿದರೆ ನಾವೂ ‘ಏಕ್, ದೋನ್’ ಎಂದೇ ಬಗ್ಗುವುದು. ಕನ್ನಡ ಶಾಲೆಯಲ್ಲಿ ಮರಾಠಿ ಎಣಿಕೆಯೇ ಎಂದು ಯಾರೂ ಕೇಳಲಿಲ್ಲ. ತಾಳ ತಪ್ಪದಿದ್ದರೆ ಸಾಕಾಗಿತ್ತು.

ಒಂದು ಮಧ್ಯಾಹ್ನ ರೊಟ್ಟಿ ತಿನ್ನುವ ಹೊತ್ತಿಗೆ ಅವಳು ಮುಂದಿನ ಗುರುವಾರದ ಶುದ್ಧಬರಹವನ್ನು ಈಗಲೇ ಬರೆಯುತ್ತಿದ್ದಳು. ಇಷ್ಟೇನು ಅವಸರ ಎಂದೆ.

“ಇಲ್ಲಿ ಹೊಲದ್ದು ಮುಗೀತು. ಕುಡಚಿ ದಾಟಿ ಹೊಂಟೇವಿ. ಇಪ್ಪತ್ತಾರಕ್ಕ ನಾ ಇರಂಗಿಲ್ಲೋ,” ಎಂದಳು, ತಲೆ ಎತ್ತದೆ.

ನಮ್ಮ ಕಡೆ ಖಾಲಿ ಹೊಲದಲ್ಲಿ ರಾತ್ರಿ ಕುರಿ ಕೂಡಿಸುತ್ತಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಜೋಳ. ಅಂದರೆ ಅವಳು ಉಳಿಯಬೇಕಾದರೆ ಇನ್ನೊಂದು ಹೊಲ ಸಿಗಬೇಕಿತ್ತು. ನಾನು ಮೊದಲು ಅಪ್ಪನನ್ನು ಕೇಳಿದೆ. ಕಬ್ಬು ಕಡಿದ ಬುಡದಿಂದ ಎರಡನೆಯ ಬೆಳೆ ಚಿಗುರಲು ಬಿಟ್ಟಿದ್ದೇನೆ, ಕುರಿ ಬಂದರೆ ಚಿಗುರೆಲ್ಲ ಅವುಗಳ ಹೊಟ್ಟೆಗೇ ಎಂದು ಅಪ್ಪ ಅಟ್ಟಿಬಿಟ್ಟ.

ಪಕ್ಕದ ಹೊಲ ಜೈನರ ಕಾಕಾನದು. ಅವರು ಕಬ್ಬಿನ ಬುಡ ಕಿತ್ತು ಹೊಸದಾಗಿ ನಾಟಿ ಮಾಡುವವರಿದ್ದರು. ಗೊಬ್ಬರ ಬೇಕಾಗಿತ್ತು, ಕುರಿಗಾರರನ್ನು ಕರೆಯಲು ಮಾತ್ರ ಮನಸ್ಸಿರಲಿಲ್ಲ.

“ನನ್ನ ಹೊಲದಾಗ ಜೀವಾ ಕೊಯ್ಯಂಗಿಲ್ಲ. ಅವರು ಒಪ್ಪತಾರೇನ್ ಕೇಳ,” ಎಂದರು.

ಹುಡುಗಿಯನ್ನು ಕೇಳಿದೆ. ತಮ್ಮೂರಿಗೆ ಮರಳಿ ದೇವರಿಗೆ ಕೊಡುವ ತನಕ ಅವರು ಕುರಿ ಕೊಯ್ಯುವುದೇ ಇಲ್ಲವಂತೆ. ಇಲ್ಲೊಂದು ಮಾತು ಹೇಳುತ್ತೇನೆ, ವ್ಯಾಪಾರ ಮಾಡುವವರು ಗಂಟು ಹಾಕಿಕೊಳ್ಳಿ. ಎದುರಿನವನು ಬಹಳ ದೊಡ್ಡದೆಂದು ಕೇಳುವುದು ನಿಮಗೆ ಏನೂ ಖರ್ಚಿಲ್ಲದ್ದಾದರೆ, ಕೂಡಲೇ ಕೊಟ್ಟುಬಿಡಬೇಡಿ. ಸ್ವಲ್ಪ ಮುಖ ಸಪ್ಪಗೆ ಮಾಡಿಕೊಂಡು ಕೊಡಿ. ಮುಂದೆ ನಾನು ದಲಾಲರ ಅಡತಿ ಅಂಗಡಿಗಳ ಕಟ್ಟೆಯ ಮೇಲೆ ಕೂತು ಇದೇ ಮಾತಿನ ಬಲದಿಂದ ಮನೆ ಕಟ್ಟಿದೆ. ಆದರೆ ಕಲಿತದ್ದು ಅಂದು.

ಕಾಕಾನ ಬಳಿ ಹೋಗಿ, ಅವರಿಗೆ ಬಹಳ ಕಷ್ಟದ ಮಾತು, ಆದರೂ ನಿಮ್ಮ ಸಲುವಾಗಿ ಇಪ್ಪತ್ತಾರರ ತನಕ ಒಪ್ಪಿಸುತ್ತೇನೆ, ಜೋಳ ಮಾತ್ರ ಸೇರಿನ ಮೇಲೆ ಗೋಪುರ ಏಳುವಂತೆ ಅಳೆಯಬೇಕು ಎಂದೆ.

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಈ ಪೋರನ್ನ ಸಾಲಿಗ್ಯಾಕ ಕಳಸ್ತಾರ? ನಿಪ್ಪಾಣಿ ಪ್ಯಾಟಿಗೆ ದಲಾಲಿಗೆ ಕಳಸ್ಬೇಕ,” ಎಂದು ಹೆಂಡತಿಗೆ ಹೇಳಿ ನಕ್ಕರು. ಅಳತೆಗೆ ಒಪ್ಪಿದರು.

ಹುಡುಗಿಯ ಅಪ್ಪ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಕೃಷ್ಣೆಯ ಆಚೆಯವರಿಗೆ ಮಾತು ಕೊಟ್ಟಾಗಿತ್ತು. ಗೋಪುರದ ಅಳತೆ ಎಂದಾಗ ಮಾತ್ರ ಬೀಡಿ ಕೆಳಗಿಟ್ಟ.

“ಎಲ್ಲೀತನಕ?” ಎಂದ.

“ಇಪ್ಪತ್ತಾರರತನಕ ಇದ್ರ ಸಾಕ್ರಿ ಮಾಮಾ,” ಎಂದೆ.

ಅಂದಿನಿಂದ ಅವಳು ಮುಂದಿನ ವಾರದ ಬರಹ ಬರೆಯುವುದನ್ನು ನಿಲ್ಲಿಸಿದಳು. ನಮ್ಮಂತೆಯೇ ಗುರುವಾರ ಬೆಳಿಗ್ಗೆ ಪ್ರಾರ್ಥನೆಯ ಗಂಟೆಗೆ ಮೊದಲು ಗಡಿಬಿಡಿಯಲ್ಲಿ ಗೀಚಿ ಅಕ್ಕೋರಿಂದ ಬೈಸಿಕೊಂಡಳು. ಎಷ್ಟು ಖುಷಿಯಿಂದ ಬೈಸಿಕೊಂಡಳೆಂದರೆ ಅಕ್ಕೋರಿಗೇ ನಗು ಬಂತು.

ಇಪ್ಪತ್ತಾರರಂದು ತಾಲೂಕಿನ ಸಾಹೇಬರು ಬಂದಿದ್ದರು. ಒಂದೇ ಒಂದು ಲೇಜಿಮು ತಪ್ಪಲಿಲ್ಲ. ಅಷ್ಟು ಹುಡುಗರ ಸರಪಳಿ ಒಂದೇ ಸಲ ಝಣ್ ಎಂದು ನಿಂತಾಗ ಬಂದ ಆ ಮೌನ, ಈಗಲೂ ಧ್ವಜ ಏರುವುದನ್ನು ಕಂಡರೆ ನನ್ನ ಕಿವಿಯಲ್ಲಿದೆ. ಪೆಪ್ಪರಮೆಂಟು ಹಂಚುವಷ್ಟರಲ್ಲಿ ಅವರ ಹಿಂಡು ರಸ್ತೆಗಿಳಿದಿತ್ತು. ಅವಳು ಲೇಜಿಮನ್ನು ನನ್ನ ಕೈಗಿತ್ತು, ಶಾಲೆಯ ಬಿಳಿ ಅಂಗಿಯಲ್ಲೇ ಕುರಿಗಳ ಹಿಂದೆ ಓಡಿದಳು. ಹಿಡಿ ಇನ್ನೂ ಬೆಚ್ಚಗಿತ್ತು.

ಮರುದಿನ ಹಲಗೆಯ ಮೂಲೆಯಲ್ಲಿ ಹೊಸ ಸಾಲು ಬಿದ್ದಿತ್ತು: ‘ವಾರ್ಷಿಕ ಪರೀಕ್ಷೆ’. ಅವಳು ಅಷ್ಟು ದಿನ ಕೂತಿದ್ದ ಜಾಗದಲ್ಲಿ ಯಾರೂ ಕೂರಲಿಲ್ಲ.

ಸಂಜೆ ಹೊಲದ ದಾರಿಯಲ್ಲಿ ಕಾಕಾ ಸಿಕ್ಕರು. ಹಿಕ್ಕೆ ಹರಡಿದ ನೆಲ ತೋರಿಸಿ ಚಲೋ ಆಯಿತು ಎಂದರು. ಆಮೇಲೆ ಹಳ್ಳದ ಕಡೆ ಕೈಮಾಡಿದರು.

“ಅಲ್ಲೊಂದ ಹೊಲದ ಪಟ್ಟಿ ಖಾಲಿ ಐತಿ. ಬ್ಯಾಸಗೀತನಕಾ ಕುರಿ ಕೂಡಸ್ತಿದ್ನಿ. ಇಪ್ಪತ್ತಾರಂತ ನೀನ ಅಂದಿ, ನಾ ಏನ್ ಮಾಡ್ಲಿ?”