ಹತ್ತು ಸಾವಿರದ ಇನ್ನೂರ ಒಂದು ಕಾಯಿ

ಶ್ರೀರಾಂಪುರದ ಮರುಳಸಿದ್ದಪ್ಪನವರ ತೆಂಗಿನಕಾಯಿ ಮಂಡಿಯಲ್ಲಿ ಕೊಟ್ರಮ್ಮ ನಲವತ್ತು ವರ್ಷದಿಂದ ಕಾಯಿ ಎಣಿಸುತ್ತಿದ್ದಳು. ಅಕ್ಷರ ಬಾರದು, ಲೆಕ್ಕ ಮಾತ್ರ ನಾಲಿಗೆಯ ತುದಿಯಲ್ಲಿ. ಗಂಡನ ತಿಥಿ ಮುಗಿದ ಮರುದಿನವೇ ಬಂದು ಕೂತವಳು. "ಮನೇಲಿ ಕುಂತ್ರೆ ಅಳು ಬರ್ತೈತೆ, ಎಣಿಸ್ತಾ ಕುಂತ್ರೆ ಬರಲ್ಲ" ಎನ್ನುತ್ತಿದ್ದಳು. ಎಣಿಕೆಯ ಪದ್ಧತಿ ಹಳೆಯದು. ಪ್ರತಿ ನೂರರ ಮೊದಲ ಕಾಯಿಗೆ 'ಒಂದು' ಎನ್ನದೆ 'ಲಾಭ' ಎನ್ನಬೇಕು, ಆಮೇಲೆ ಎರಡು, ಮೂರು. ನೂರು ಆದಾಗಲೆಲ್ಲ ಒಂದು ಕಲ್ಲು ಪಕ್ಕಕ್ಕಿಟ್ಟು, ಕೊನೆಗೆ ಆ ಕಲ್ಲುಗಳನ್ನೂ ಹಾಗೆಯೇ 'ಲಾಭ'ದಿಂದ ಎಣಿಸಬೇಕು.

ಈ ಬೇಸಿಗೆಯಲ್ಲಿ ಅವಳ ಕಣ್ಣಿನ ಪೊರೆ ತೆಗೆದರು. ಗುಣವಾಗಿ ಬಂದು ಎಣಿಸಿದ ಮೊದಲ ರಾಶಿಗೆ "ಹತ್ತು ಸಾವಿರದ ಇನ್ನೂರ ಒಂದು" ಎಂದಳು. ಯಜಮಾನರ ಹೊಸ ಸೊಸೆ ರಮ್ಯಾ, ದುರ್ಗದಲ್ಲಿ ಡಿಗ್ರಿ ಓದಿದವಳು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದಂತೆ, ಅದೇ ರಾಶಿಯನ್ನು ಎರಡು ದಿನ ಕೂತು ತಾನೂ ಎಣಿಸಿ "ಸರಿಯಾಗಿ ಹತ್ತು ಸಾವಿರ" ಎಂದುಬಿಟ್ಟಳು.

"ಕಣ್ಣು ಇನ್ನೂ ಸರಿಯಾಗಿಲ್ಲ ಕಣಮ್ಮ. ನಾಳೆಯಿಂದ ರಮ್ಯಾ ಎಣಿಸ್ತಾಳೆ, ನೀನು ಮನೇಲಿ ಆರಾಮಾಗಿರು" ಎಂದರು ಮರುಳಸಿದ್ದಪ್ಪ.

ಆರಾಮವಂತೆ! ಎಣಿಕೆ ಬಿಟ್ಟರೆ ಆ ಹೆಂಗಸಿಗೆ ಬೇರೆ ಏನಿತ್ತು? ಮನೆಯ ಜಗಲಿಯ ಮೇಲೆ ಕೂತು ತಾನೆಣಿಸಿದ ಸಂಖ್ಯೆಯನ್ನು ಮನಸ್ಸಿನಲ್ಲಿ ಹಂಚತೊಡಗಿದಳು. ಜೋಡಿ ಹಾಕಿದರೆ ಒಂದು ಉಳಿಯಿತು. ಮೂರರಂತೆ ಹಾಕಿದರೂ ಒಂದು, ನಾಲ್ಕು, ಐದು, ಆರಕ್ಕೂ ಅದೇ ಒಂದು. ಏಳಕ್ಕೆ ಎರಡು. ಎಂಥ ಮೊಂಡು ಸಂಖ್ಯೆಯಪ್ಪಾ ಎಂದುಕೊಂಡು ನೂರರ ನೂರು ಗುಡ್ಡೆ ಮಾಡಿದಳು. ಇನ್ನೂರ ಒಂದು ಮಿಕ್ಕಿತು. ಗುಡ್ಡೆಗೊಂದರಂತೆ ಕೊಟ್ಟಳು. ಉಳಿದದ್ದು ನೂರ ಒಂದು, ಅಂದರೆ ಇನ್ನೊಂದು ಗುಡ್ಡೆ! ನೂರ ಒಂದು ಗುಡ್ಡೆ, ಗುಡ್ಡೆಗೆ ನೂರ ಒಂದು ಕಾಯಿ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಕಣ್ಣು ಮಂಜಾದವಳು ತಪ್ಪಿದ್ದರೆ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಕೂರುತ್ತಿರಲಿಲ್ಲ. ಯಾರೋ ಪ್ರತಿ ನೂರಕ್ಕೂ ಒಂದು ಕಾಯಿ ಎಣಿಸದೆ ಬಿಟ್ಟಿದ್ದಾರೆ, ಕಲ್ಲಿನಲ್ಲೂ ಒಂದು ಬಿಟ್ಟಿದ್ದಾರೆ.

ಬೆಳಿಗ್ಗೆ ಮಂಡಿಗೆ ಹೋಗಿ ಯಜಮಾನರ ಎದುರಿಗೇ ರಮ್ಯಾಳಿಗೆ, "ತಾಯಿ, ಒಂದ್ ಹತ್ತು ಕಾಯಿ ಎಣಿಸು ನೋಡಾಣ" ಎಂದಳು.

"ಲಾಭ" ಎಂದು ರಮ್ಯಾ ಒಂದು ಕಾಯಿ ಆಚೆ ಇಟ್ಟಳು. ಇನ್ನೊಂದು ಎತ್ತಿ "ಒಂದು" ಎಂದಳು. ಹತ್ತು ಎನ್ನುವಾಗ ಅಲ್ಲಿ ಹನ್ನೊಂದು ಕಾಯಿ ಇದ್ದವು. ದೇವರ ಹೆಸರಲ್ಲಿ ಇಡುವ ಕಾಯಿ, ಲೆಕ್ಕಕ್ಕಿಲ್ಲ ಎಂದುಕೊಂಡಿದ್ದಳಂತೆ ಪಾಪ. ಮಾವನ ಮುಂದೆ ಅವಳ ಮುಖ ಸಣ್ಣದಾಯಿತು.

"ನನ್ನ ಎಣಿಕೆ ಸರಿ ಐತೆ ಯಜಮಾನ್ರೆ" ಎಂದಳು ಕೊಟ್ರಮ್ಮ. "ಈ ಮಗೀಗೆ ಹೇಳಿಕೊಡದೆ ಬಿಟ್ಟಿದ್ದು ತಪ್ಪು. ಅದೂ ನಂದೇ."

ಮರುಳಸಿದ್ದಪ್ಪ ಅವಳ ಹಳೇ ಗೋಣಿತಾಟನ್ನು ತಾವೇ ತಂದು ಹಾಸಿದರು.

"ಕುಂತ್ಕಳ್ರಿ ಅಜ್ಜಿ" ಎಂದ ರಮ್ಯಾ ಪಕ್ಕದಲ್ಲೇ ಕೂತು ಒಂದು ಕಾಯಿ ಎತ್ತಿದಳು. "ಲಾಭ." ಎರಡನೆಯದನ್ನು ಕೈಯಲ್ಲಿ ಹಿಡಿದು ಮುದುಕಿಯ ಮುಖ ನೋಡಿದಳು.

"ಎರಡು" ಎಂದರು ಇಬ್ಬರೂ.